ಲೋಡ್ ಬಿದ್ದಾಗ ಯಾವ ಸೆಲ್ ತಾಳುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು 18650 ಲಿಥಿಯಂ-ಅಯಾನ್ ಸೆಲ್ ಬಗ್ಗೆಯೇ ಬಂದಿವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಈ ಸೆಲ್ ಟಾರ್ಚ್, ಡ್ರಿಲ್, ಗರಗಸ, ವೇಪ್ (ಇ-ಸಿಗರೇಟು) ಎಲ್ಲದರ ಒಳಗೂ ಇರುತ್ತದೆ. ಪತ್ರಗಳ ದೂರೂ ಹೆಚ್ಚು ಕಡಿಮೆ ಒಂದೇ: ಮೇಲೆ ಬರೆದದ್ದು ಒಂದು, ಕೆಲಸಕ್ಕೆ ಇಳಿದಾಗ ಸಿಗುವುದು ಇನ್ನೊಂದು.

ಪ್ರಶ್ನೆ: ಟಾರ್ಚ್‌ಗೆ ಅಂತ ಆನ್‌ಲೈನ್‌ನಲ್ಲಿ ತರಿಸಿದ ಸೆಲ್ ಮೇಲೆ 9900 ಎಂಎಎಚ್ ಎಂದಿದೆ. ಅರ್ಧ ಗಂಟೆಗೇ ಬೆಳಕು ಮಂಕಾಗುತ್ತದೆ. ಚಾರ್ಜರ್ ಸರಿಯಿಲ್ಲವೇ? (ಸಾಗರ)

ಚಾರ್ಜರ್ ತಪ್ಪಲ್ಲ, ಆ ಸಂಖ್ಯೆಯೇ ಸುಳ್ಳು. ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಅಳತೆ. ಹೆಸರಾಂತ ಕಂಪನಿಗಳ 18650 ಸೆಲ್‌ಗಳಲ್ಲಿ ನೀವು ನಂಬಬಹುದಾದ ಗರಿಷ್ಠ ಸಾಮರ್ಥ್ಯ ಸುಮಾರು 3500 ಎಂಎಎಚ್. ಎಲ್‌ಜಿ ಎಂಜೆ1, ಸ್ಯಾಮ್‌ಸಂಗ್ 35ಇ ಆ ಸಾಲಿನವು. ಅದೇ ಗಾತ್ರದ ಡಬ್ಬಿಯಲ್ಲಿ 5000, 6800, 9900 ಎಂದು ಬರೆದಿದ್ದರೆ ಕಣ್ಣುಮುಚ್ಚಿ ಬದಿಗಿಡಿ.

ಮನೆಯಲ್ಲೇ ಮಾಡಬಹುದಾದ ಮೊದಲ ಪರೀಕ್ಷೆ ತೂಕ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಡಿ. ಒಳ್ಳೆಯ 18650 ಸೆಲ್ 44ರಿಂದ 49 ಗ್ರಾಂ ತೂಗುತ್ತದೆ. 30ರ ಆಸುಪಾಸು ತೋರಿಸಿದರೆ ಒಳಗಿನ ಸುರುಳಿ ಚಿಕ್ಕದು, ಉಳಿದದ್ದು ಖಾಲಿ ಜಾಗ ಅಥವಾ ತುಂಬಿಸಿದ ಪುಡಿ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ಸೆಲ್ ಒಳ್ಳೆಯದು ಎಂದು ತೀರ್ಮಾನಿಸಬೇಡಿ. ಹಳೇ ಲ್ಯಾಪ್‌ಟಾಪ್‌ನಿಂದ ಕಿತ್ತು ಹೊಸ ಪ್ಲಾಸ್ಟಿಕ್ ಹೊದಿಸಿದ ಸೆಲ್ಲೂ 45 ಗ್ರಾಂ ತೂಗುತ್ತದೆ. ತಕ್ಕಡಿ ಕಳಪೆಯನ್ನು ಹಿಡಿದುಕೊಡುತ್ತದೆ, ಹಳತಾದದ್ದನ್ನು ಹಿಡಿಯುವುದಿಲ್ಲ.

ಪ್ರಶ್ನೆ: ಎರಡು 18650 ಸೆಲ್ ಹಾಕುವ ವೇಪ್ ಸಾಧನ ನನ್ನದು. 200 ವ್ಯಾಟ್‌ವರೆಗೆ ಹೋಗುತ್ತದೆ, ನಾನು 75ರಲ್ಲಿ ಬಳಸುತ್ತೇನೆ. ಅಂಗಡಿಯಲ್ಲಿ "40 ಆಂಪ್" ಎಂದು ಬರೆದ ಸೆಲ್ಲೂ ಇದೆ, "20 ಆಂಪ್" ಎಂದದ್ದೂ ಇದೆ. 40ರದ್ದೇ ಕ್ಷೇಮವಲ್ಲವೇ? (ಬರ್ಮಿಂಗ್‌ಹ್ಯಾಮ್, ಬ್ರಿಟನ್)

ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವನ್ನೂ 2019ರ ಕಾಯ್ದೆ ನಿಷೇಧಿಸಿದೆ. ನೀವಿರುವಲ್ಲಿ ಅದು ಕಾನೂನುಬದ್ಧವಾದ್ದರಿಂದ ಸೆಲ್ಲಿನ ಮಟ್ಟಿಗೆ ಉತ್ತರಿಸುತ್ತೇವೆ. ಹೆಚ್ಚು ಆಂಪ್ ಕೊಡುವ ಸೆಲ್ ಆರಿಸುವ ಲೆಕ್ಕ ಡ್ರಿಲ್‌ಗೂ ಗರಗಸಕ್ಕೂ ಇದೇ.

ಮೊದಲು "40 ಆಂಪ್" ಎಂಬುದನ್ನು ಬಿಡಿಸೋಣ. ಆಂಪ್ ಎಂದರೆ ಕರೆಂಟಿನ ಅಳತೆ. ಸೆಲ್ ಪೂರ್ತಿ ಖಾಲಿಯಾಗುವವರೆಗೂ ತಡೆಯಿಲ್ಲದೆ ಕೊಡಬಲ್ಲ ಕರೆಂಟ್ ಒಂದು, ಕೆಲವೇ ಸೆಕೆಂಡು ಕೊಟ್ಟು ಸುಧಾರಿಸಿಕೊಳ್ಳುವ ಕರೆಂಟ್ ಇನ್ನೊಂದು. ಎರಡನೆಯದಕ್ಕೆ ಎಷ್ಟು ಸೆಕೆಂಡು, ಎಷ್ಟು ಬಿಡುವು ಎಂಬ ಒಪ್ಪಿತ ಅಳತೆಯೇ ಇಲ್ಲ. ಹಾಗಾಗಿ ಮಾರುವವರು ಅಲ್ಲಿ ಬೇಕಾದ ಸಂಖ್ಯೆ ಬರೆದುಕೊಳ್ಳುತ್ತಾರೆ. ನಿಮಗೆ ಬೇಕಾದದ್ದು ಮೊದಲನೆಯದು ಮಾತ್ರ. ತಯಾರಕರೇ ಕೊಟ್ಟ ಅಂಕಿಗಳು ಹೀಗಿವೆ: ಸ್ಯಾಮ್‌ಸಂಗ್ 25ಆರ್ 2500 ಎಂಎಎಚ್, 20 ಆಂಪ್. ಸ್ಯಾಮ್‌ಸಂಗ್ 30ಕ್ಯೂ 3000 ಎಂಎಎಚ್, 15 ಆಂಪ್. ಎಲ್‌ಜಿ ಎಚ್‌ಜಿ2 3000 ಎಂಎಎಚ್, 20 ಆಂಪ್. ಮೊದಲು ಹೇಳಿದ 35ಇ 3500 ಎಂಎಎಚ್ ಇದ್ದರೂ 8 ಆಂಪ್ ಮಾತ್ರ.

ಸಾಮರ್ಥ್ಯ ಏರಿದಂತೆ ಆಂಪ್ ಇಳಿಯುವುದಕ್ಕೆ ಕಾರಣವಿದೆ. ಸೆಲ್ಲಿನೊಳಗೆ ತಾಮ್ರದ ಮತ್ತು ಅಲ್ಯೂಮಿನಿಯಂನ ತೆಳು ಹಾಳೆಗಳ ಮೇಲೆ ರಾಸಾಯನಿಕ ಬಳಿದು ಸುರುಳಿ ಸುತ್ತಿರುತ್ತಾರೆ. ಬಳಿದ ಪದರ ದಪ್ಪವಾದರೆ ಹೆಚ್ಚು ಚಾರ್ಜ್ ಹಿಡಿಸುತ್ತದೆ, ಆದರೆ ಅಯಾನ್‌ಗಳು ಆ ದಪ್ಪವನ್ನು ದಾಟಿ ಬರಲು ತಡವಾಗುತ್ತದೆ. ಪದರ ತೆಳುವಾಗಿ ಹಾಳೆ ಉದ್ದವಾದರೆ ಕರೆಂಟ್ ಸಲೀಸು, ಸಾಮರ್ಥ್ಯ ಕಡಿಮೆ. ಒಂದೇ ಡಬ್ಬಿಯಲ್ಲಿ ಎರಡೂ ತುಂಬಿದೆ ಎನ್ನುವವರನ್ನು ನಂಬಬೇಡಿ. 3500 ಎಂಎಎಚ್, 40 ಆಂಪ್ ಎಂಬ 18650 ಕಂಡರೆ ಎರಡರಲ್ಲಿ ಒಂದಾದರೂ ಸುಳ್ಳು.

ಇನ್ನು ನಿಮ್ಮ ಲೆಕ್ಕ. 75 ವ್ಯಾಟ್ ಎರಡು ಸೆಲ್‌ಗೆ ಹಂಚಿದರೆ ತಲಾ 37.5. ಸಾಧನ ಸುಮಾರು 3.2 ವೋಲ್ಟ್‌ಗೆ ಕೈಚೆಲ್ಲುತ್ತದೆ, ಒಳಗಿನ ಸರ್ಕೀಟ್ 10ರಲ್ಲಿ 1 ಪಾಲು ತಿನ್ನುತ್ತದೆ ಎಂದಿಟ್ಟುಕೊಳ್ಳಿ. 37.5 ಅನ್ನು 3.2 × 0.9ರಿಂದ ಭಾಗಿಸಿ: 13 ಆಂಪ್. ಸೆಲ್ ತುಂಬಿ 4 ವೋಲ್ಟ್ ಇದ್ದಾಗ ಇದೇ ಲೆಕ್ಕ 10.4 ಆಂಪ್. ಅಂದರೆ ಸೆಲ್ ಖಾಲಿಯಾಗುತ್ತ ಹೋದಂತೆ ಅದರ ಮೇಲಿನ ಭಾರ ಹೆಚ್ಚುತ್ತದೆ. ಬಹಳ ಜನ ತುಂಬಿದ ವೋಲ್ಟೇಜ್ ಹಿಡಿದು ಲೆಕ್ಕ ಹಾಕಿ ಇಲ್ಲೇ ತಪ್ಪುತ್ತಾರೆ. ಸೆಲ್‌ಗಳು ಸೀರೀಸ್‌ನಲ್ಲಿರಲಿ (ಒಂದರ ಹಿಂದೊಂದು), ಪ್ಯಾರಲಲ್‌ನಲ್ಲಿರಲಿ (ಅಕ್ಕಪಕ್ಕ), ಈ ಬಗೆಯ ಸಾಧನದಲ್ಲಿ ತಲಾ ಭಾರ ಅಷ್ಟೇ.

13 ಆಂಪ್‌ಗೆ 3000 ಎಂಎಎಚ್‌ನ 15ರಿಂದ 20 ಆಂಪ್ ಸೆಲ್ ಸಾಕು, ಎಚ್‌ಜಿ2 ಆದರೆ ಅಂತರವೂ ಚೆನ್ನಾಗಿದೆ. ಆದರೆ ಸಾಧನದ ಮೇಲೆ ಬರೆದ 200 ವ್ಯಾಟ್‌ಗೆ ಹೋಗಬೇಡಿ. ಆಗ ತಲಾ 34.7 ಆಂಪ್ ಆಗುತ್ತದೆ. ಅಷ್ಟನ್ನು ನಿರಂತರವಾಗಿ 18650 ಸೆಲ್‌ನಿಂದ ಎಳೆಯಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಷ್ಟು ಬೇಕೇ ಬೇಕಾದರೆ ಇದಕ್ಕಿಂತ ದೊಡ್ಡದಾದ 21700 ಗಾತ್ರದ ಸೆಲ್ ಹಿಡಿಸುವ ಸಾಧನ ನೋಡಿ. ಮೋಲಿಸೆಲ್ ಪಿ42ಎ 4200 ಎಂಎಎಚ್ ಇದ್ದು ತಯಾರಕರ ಲೆಕ್ಕದಲ್ಲಿ 45 ಆಂಪ್‌ನದು.

ಸರ್ಕೀಟೇ ಇಲ್ಲದ ಮೆಕ್ಯಾನಿಕಲ್ ಸಾಧನಗಳಲ್ಲಿ ಸೆಲ್ ನೇರವಾಗಿ ಕಾಯಿಲ್‌ಗೆ (ಬಿಸಿಯಾಗುವ ತಂತಿಸುರುಳಿಗೆ) ಸೇರುತ್ತದೆ. 0.2 ಓಮ್ ಕಾಯಿಲ್ ಆದರೆ 4.2 ÷ 0.2 = 21 ಆಂಪ್, 0.15 ಆದರೆ 28. ಗುಂಡಿ ಸಿಕ್ಕಿಹಾಕಿಕೊಂಡರೆ ತಡೆಯುವವರಿಲ್ಲ. ಓಮ್ ಲೆಕ್ಕ ಬಾರದವರು ಅದನ್ನು ಮುಟ್ಟಲೇಬಾರದು. ಇನ್ನೊಂದು ವಿಷಯ: ಈ ಸೆಲ್‌ಗಳನ್ನು ಮಾಡುವ ಕಂಪನಿಗಳು ಅವನ್ನು ರಕ್ಷಣಾ ಸರ್ಕೀಟ್ ಇರುವ ಪ್ಯಾಕ್‌ಗಳಿಗೆಂದು ಮಾಡುತ್ತವೆ, ಬಿಡಿಯಾಗಿ ಮಾರಲೆಂದಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೂ 2021ರ ಜನವರಿಯಲ್ಲಿ ಬಿಡಿ 18650 ಕೊಳ್ಳಬೇಡಿ ಎಂದು ಎಚ್ಚರಿಸಿತ್ತು.

ಪ್ರಶ್ನೆ: ನನ್ನ 12 ವೋಲ್ಟ್ ಕಾರ್ಡ್‌ಲೆಸ್ ಡ್ರಿಲ್‌ಗೆ ಮೂರು "ಹೊಸ" ಸೆಲ್ ಹಾಕಿಸಿದೆ. ಸಾಮರ್ಥ್ಯ ಅಳೆಯುವ ಚಾರ್ಜರ್‌ನಲ್ಲಿ ಮೂರೂ 2150 ಎಂಎಎಚ್ ತೋರಿಸುತ್ತವೆ. ಆದರೂ ಗೋಡೆಗೆ ಬಿಟ್ ಒತ್ತಿದ ಕೂಡಲೇ ಡ್ರಿಲ್ ನಿಂತುಬಿಡುತ್ತದೆ. ಒಂದು ಕ್ಷಣ ಬಿಟ್ಟು ಒತ್ತಿದರೆ ಮತ್ತೆ ತಿರುಗಿ ನಿಲ್ಲುತ್ತದೆ. (ಹುಬ್ಬಳ್ಳಿ)

ಚಾರ್ಜರ್ ಹೇಳಿದ್ದು ಸುಳ್ಳಲ್ಲ, ಆದರೆ ಅದು ಕೇಳಿದ ಪ್ರಶ್ನೆಯೇ ಬೇರೆ. ಅಂಥ ಚಾರ್ಜರ್‌ಗಳು ಅರ್ಧ ಆಂಪ್‌ನಂತೆ ನಿಧಾನಕ್ಕೆ ಖಾಲಿ ಮಾಡಿ ಅಳೆಯುತ್ತವೆ. ನಿಮ್ಮ ಡ್ರಿಲ್ ಗೋಡೆ ಕಚ್ಚಿದಾಗ 15 ಆಂಪ್ ಬೇಡುತ್ತದೆ.

ಪ್ರತಿ ಸೆಲ್‌ಗೂ ತನ್ನದೇ ಒಳರೋಧ ಇರುತ್ತದೆ, ಅದನ್ನು ಮಿಲಿಓಮ್‌ನಲ್ಲಿ ಅಳೆಯುತ್ತಾರೆ. ನಿಮ್ಮ "ಹೊಸ" ಸೆಲ್ ಬಹುಶಃ ಹಳೇ ಲ್ಯಾಪ್‌ಟಾಪ್‌ನದು, ಅದರ ರೋಧ 100 ಮಿಲಿಓಮ್ ಎಂದುಕೊಳ್ಳಿ. ಅರ್ಧ ಆಂಪ್ ಎಳೆದಾಗ ಒಳಗೇ ಕಳೆದುಹೋಗುವುದು 0.05 ವೋಲ್ಟ್, ಗೊತ್ತೇ ಆಗುವುದಿಲ್ಲ. 15 ಆಂಪ್ ಎಳೆದಾಗ 1.5 ವೋಲ್ಟ್. 3.9 ವೋಲ್ಟ್ ಇದ್ದ ಸೆಲ್ ಆ ಕ್ಷಣಕ್ಕೆ 2.4ಕ್ಕೆ ಕುಸಿಯುತ್ತದೆ. ಪ್ಯಾಕ್‌ನ ಬಿಎಂಎಸ್ ಬೋರ್ಡ್ (ಸೆಲ್‌ಗಳನ್ನು ರಕ್ಷಿಸುವ ಸರ್ಕೀಟ್) ಸೆಲ್ ಖಾಲಿ ಎಂದುಕೊಂಡು ಸಂಪರ್ಕ ಕಡಿಯುತ್ತದೆ. ಕೈ ತೆಗೆದರೆ ವೋಲ್ಟೇಜ್ ಮತ್ತೆ 3.9ಕ್ಕೆ ಏರುತ್ತದೆ. ನಿಂತು ತಿರುಗುವ ನಿಮ್ಮ ಡ್ರಿಲ್‌ನ ಕಥೆ ಇಷ್ಟೇ. ಹೊಸ ಸ್ಯಾಮ್‌ಸಂಗ್ 25ಆರ್ ಆಗಿದ್ದರೆ ರೋಧ 20–25 ಮಿಲಿಓಮ್, ಕುಸಿತ 0.4 ವೋಲ್ಟ್ ಒಳಗೆ.

ಇದನ್ನು ಮನೆಯಲ್ಲೇ ಅಳೆಯಬಹುದು. ಬೇಕಾದದ್ದು: 1 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ನಾಲ್ಕು, 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಅರ್ಧ ಮೀಟರ್, ಎರಡು ಮಲ್ಟಿಮೀಟರ್ (ಒಂದೇ ಇದ್ದರೆ ಎರಡು ಸಲ ಅಳೆಯಿರಿ), ಸೆಲ್ಲನ್ನು ಗಟ್ಟಿಯಾಗಿ ಒತ್ತಿ ಹಿಡಿಯುವ ಹಿತ್ತಾಳೆ ಪಟ್ಟಿ. ಹತ್ತು ಹದಿನೈದು ರೂಪಾಯಿಯ ಸ್ಪ್ರಿಂಗ್ ಹೋಲ್ಡರ್ ಬೇಡ. ಆ ಸ್ಪ್ರಿಂಗ್‌ನ ರೋಧವೇ ಸೆಲ್‌ಗಿಂತ ಹೆಚ್ಚು, 10 ಆಂಪ್‌ಗೆ ಪ್ಲಾಸ್ಟಿಕ್ ಕರಗುತ್ತದೆ.

ಸೆಲ್ಲನ್ನು 4.20 ವೋಲ್ಟ್‌ಗೆ ತುಂಬಿ ಒಂದು ಗಂಟೆ ಬಿಡಿ. ಗೊತ್ತಿಲ್ಲದ ಸೆಲ್ ಆದರೆ ಮೊದಲು ಹಗುರ ಲೋಡ್: ರೆಸಿಸ್ಟರ್‌ಗಳನ್ನು ಎರಡೆರಡು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿ. ಒಟ್ಟು ಮತ್ತೆ 1 ಓಮ್, ಆದರೆ ಬಿಸಿ ನಾಲ್ಕಕ್ಕೆ ಹಂಚಿಹೋಗುತ್ತದೆ. ಒಂದು ಮೀಟರ್‌ನ ಕಡ್ಡಿಗಳನ್ನು ಸೆಲ್ಲಿನ ಎರಡು ತುದಿಗೇ ಮುಟ್ಟಿಸಿ. ವೈರ್ ಮೇಲಾಗಲಿ ಹಿತ್ತಾಳೆ ಪಟ್ಟಿಯ ಮೇಲಾಗಲಿ ಬೇಡ, ಅಲ್ಲಿನ ಕುಸಿತವೂ ಸೆಲ್ಲಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನೊಂದು ಮೀಟರ್ ರೆಸಿಸ್ಟರ್‌ಗಳ ತುದಿಗೆ. ಲೋಡ್ ಕೊಟ್ಟು ಐದನೇ ಸೆಕೆಂಡಿಗೆ ಎರಡನ್ನೂ ಓದಿ ಬಿಡಿಸಿಬಿಡಿ.

ಉದಾಹರಣೆಗೆ ಲೋಡ್‌ಗೆ ಮೊದಲು 4.12, ಲೋಡ್‌ನಲ್ಲಿ 3.76, ರೆಸಿಸ್ಟರ್ ತುದಿಯಲ್ಲಿ 3.60 ಬಂತು ಅನ್ನಿ. ಕರೆಂಟ್ 3.60 ÷ 1 = 3.6 ಆಂಪ್. ಕುಸಿತ 0.36 ವೋಲ್ಟ್. 0.36 ÷ 3.6 = 0.1 ಓಮ್, ಅಂದರೆ 100 ಮಿಲಿಓಮ್. ಈ ಸೆಲ್ ಡ್ರಿಲ್‌ಗೆ ಆಗದು, ಮುಂದಿನ ಪರೀಕ್ಷೆಯೂ ಬೇಡ. 40 ಮಿಲಿಓಮ್ ಒಳಗೆ ಬಂದರೆ ಮಾತ್ರ ನಾಲ್ಕೂ ರೆಸಿಸ್ಟರ್ ಪ್ಯಾರಲಲ್ ಮಾಡಿ 0.25 ಓಮ್‌ನಲ್ಲಿ ಇನ್ನೊಮ್ಮೆ ನೋಡಿ. 4.15 ಇದ್ದದ್ದು 3.85ಕ್ಕೆ ಇಳಿದು, ರೆಸಿಸ್ಟರ್ ಮೇಲೆ 3.60 ಇದ್ದರೆ ಕರೆಂಟ್ 14.4 ಆಂಪ್, ರೋಧ ಸುಮಾರು 21 ಮಿಲಿಓಮ್. ಇದು ಡ್ರಿಲ್‌ಗೆ ಹೇಳಿ ಮಾಡಿಸಿದ ಸೆಲ್.

ಈ ಎರಡನೇ ಪರೀಕ್ಷೆಯಲ್ಲಿ ರೆಸಿಸ್ಟರ್‌ಗಳು ತಮ್ಮ ಮಿತಿ ಮೀರಿ ಕಾಯುತ್ತವೆ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕೆಲಸ ಅಂಗಳದಲ್ಲಿ, ಕಡಪ ಕಲ್ಲಿನ ಮೇಲೆ ಆಗಲಿ, ಕಣ್ಣಿಗೆ ಕನ್ನಡಕವಿರಲಿ. ಸೆಲ್ಲಿಂದ "ಸುಸ್" ಎಂದು ಸದ್ದು ಬಂದರೆ, ಸಿಹಿ ಸಿಹಿ ದ್ರಾವಕದ ವಾಸನೆ ಬಂದರೆ ಹಿಂದೆ ಸರಿಯಿರಿ. ಹೊತ್ತಿಕೊಂಡರೆ ದೂರದಿಂದ ಧಾರಾಳ ನೀರು ಸುರಿಯಿರಿ.

ಪೇಟೆಯಲ್ಲಿ ಸಿಗುವ ಪುಟ್ಟ ರೋಧ ಮೀಟರ್‌ಗಳು 1 ಕಿಲೋಹರ್ಟ್ಸ್ ಎಸಿ ಬಳಸಿ ಅಳೆಯುತ್ತವೆ. ಅದೇ 25ಆರ್ ಅಲ್ಲಿ 13–18 ತೋರಿಸಬಹುದು. ಎರಡೂ ಸರಿಯೇ, ಅಳತೆ ಬೇರೆ. ಎಸಿ ಅಂಕಿಯನ್ನು ಎಸಿ ಅಂಕಿಯೊಂದಿಗೇ ಹೋಲಿಸಿ. ಚಳಿಯಲ್ಲಿ ರೋಧ ಏರುತ್ತದೆಯಾದ್ದರಿಂದ ಸೆಲ್‌ಗಳನ್ನು ಒಂದೇ ದಿನ, ಒಂದೇ ಕೋಣೆಯಲ್ಲಿ ಅಳೆಯಿರಿ. ಮೂರನ್ನು ಒಂದೇ ಪ್ಯಾಕ್‌ಗೆ ಸೇರಿಸುವಾಗ ರೋಧದಲ್ಲಿ 3–4 ಮಿಲಿಓಮ್‌ಗಿಂತ, ಸಾಮರ್ಥ್ಯದಲ್ಲಿ 50 ಎಂಎಎಚ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಬಡವಾದ ಸೆಲ್ ಮೊದಲು ಖಾಲಿಯಾಗುತ್ತದೆ, ಉಳಿದೆರಡು ಅದನ್ನು ಇನ್ನೂ ಕೆಳಕ್ಕೆ ತಳ್ಳುತ್ತವೆ.

ಬಿಸಿಯನ್ನೂ ಗಮನಿಸಿ. 25 ಮಿಲಿಓಮ್ ಸೆಲ್‌ನಿಂದ 20 ಆಂಪ್ ಎಳೆದರೆ 20 × 20 × 0.025, ಅಂದರೆ 10 ವ್ಯಾಟ್ ಬಿಸಿ ಸೆಲ್ಲಿನ ಒಳಗೇ ಹುಟ್ಟುತ್ತದೆ. 45 ಗ್ರಾಂ ಸೆಲ್ ಇದರಿಂದ ನಿಮಿಷಕ್ಕೆ ಹತ್ತು ಹನ್ನೆರಡು ಡಿಗ್ರಿ ಏರುತ್ತದೆ. ರೋಧ ಇಮ್ಮಡಿಯಾದರೆ ಬಿಸಿಯೂ ಇಮ್ಮಡಿ. ಮೇಲ್ಮೈ 60 ಡಿಗ್ರಿ ಮುಟ್ಟಿತೆಂದರೆ, ಅಂದರೆ ಕೈಯಲ್ಲಿ ಹಿಡಿದಿರಲು ಆಗದಿದ್ದರೆ, ನಿಲ್ಲಿಸಿ.

ಪ್ರಶ್ನೆ: ಕಾಫಿ ತೋಟದಲ್ಲಿ ಸಣ್ಣ ಕೊಂಬೆ ಕಡಿಯಲು ಬ್ಯಾಟರಿ ಗರಗಸ ತೆಗೆದುಕೊಂಡೆ. ಬ್ಯಾಟರಿ ಮೇಲೆ "88ವಿಎಫ್" ಎಂದಿದೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ) ಹೊತ್ತಿಗೆ ಹತ್ತು ನಿಮಿಷವೂ ಬರಲಿಲ್ಲ. ಒಳಗಿನ ಸೆಲ್ ಬದಲಿಸಿದರೆ ಆದೀತೇ? (ಮೂಡಿಗೆರೆ)

ಮೊದಲು ಚಾರ್ಜ್ ತುಂಬಿಸಿ ಮಲ್ಟಿಮೀಟರ್ ಇಟ್ಟು ನೋಡಿ. 21 ವೋಲ್ಟ್ ಬಂದರೆ ಒಳಗೆ ಸೀರೀಸ್‌ನಲ್ಲಿ ಐದು ಸೆಲ್ ಇವೆ, 5 × 4.2. ಇಂಥ ಬ್ಯಾಟರಿಗಳ ಮೇಲಿನ 48, 88 ಎಲ್ಲ ಬಾಯಿಗೆ ಬಂದ ಸಂಖ್ಯೆಗಳು. ಒಂದೇ ಸಾಲಿನ ಐದು ಸೆಲ್, ತಲಾ 1500 ಎಂಎಎಚ್ ಅಂದರೆ ಒಟ್ಟು 27 ವ್ಯಾಟ್-ಅವರ್. ಸರಪಣಿ ಹಸಿ ಮರದಲ್ಲಿ ಸಿಕ್ಕಾಗ ಮೋಟಾರ್ 15–20 ಆಂಪ್‌ವರೆಗೂ ಎಳೆಯಬಹುದು. ಆ ಲೆಕ್ಕಕ್ಕೆ ಹತ್ತು ನಿಮಿಷವೇ ಹೆಚ್ಚು.

ಸೆಲ್ ಬದಲಿಸಬಹುದು. ಆದರೆ ಅದೇ ಐದರ ಜಾಗಕ್ಕೆ ಐದು ಒಳ್ಳೆಯ ಸೆಲ್ ಹಾಕುವುದಕ್ಕಿಂತ, ಹತ್ತು ಸೆಲ್‌ನ ಎರಡು ಸಾಲಿನ ಪ್ಯಾಕ್ ಕೊಳ್ಳುವುದು ಅಥವಾ ಮಾಡಿಸುವುದು ಮೇಲು. ಪ್ರತಿ ಸೆಲ್ ಮೇಲಿನ ಕರೆಂಟ್ ಅರ್ಧಕ್ಕಿಳಿಯುತ್ತದೆ, ಸೆಲ್ಲಿನೊಳಗೆ ಹುಟ್ಟುವ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ತೂಕ ಸುಮಾರು 225 ಗ್ರಾಂ ಹೆಚ್ಚಾಗುತ್ತದೆ, ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಹಿಡಿಯುವವರು ಇದನ್ನು ಯೋಚಿಸಿ.

ಮಾಡಿಸುವಾಗ ಸೆಲ್‌ಗಿಂತ ಹೆಚ್ಚು ಜನ ಮೋಸ ಹೋಗುವುದು ಜೋಡಿಸುವ ಪಟ್ಟಿಯಲ್ಲಿ. ಶುದ್ಧ ನಿಕಲ್ ಪಟ್ಟಿ ಬೇಕು, ನಿಕಲ್ ಲೇಪಿಸಿದ ಉಕ್ಕಿನದಲ್ಲ. ಪಟ್ಟಿಯ ಒಂದು ತುಂಡನ್ನು ಮರಳುಕಾಗದದಿಂದ ಉಜ್ಜಿ ಉಪ್ಪುನೀರಿನಲ್ಲಿ ಒಂದೆರಡು ದಿನ ಬಿಡಿ, ತುಕ್ಕು ಬಂದರೆ ಉಕ್ಕು. ಮಲೆನಾಡಿನ ಮಳೆಗಾಲಕ್ಕೆ ಅದು ಪ್ಯಾಕ್ ಒಳಗೇ ತುಕ್ಕು ಹಿಡಿಯುತ್ತದೆ. 0.15 ಮಿಲಿಮೀಟರ್ ದಪ್ಪ, 8 ಮಿಲಿಮೀಟರ್ ಅಗಲದ ಒಂದು ಪಟ್ಟಿಗೆ 5–7 ಆಂಪ್ ಹದ. ನಿಮ್ಮ ಗರಗಸಕ್ಕೆ ಎರಡು ಮೂರು ಪದರ ಹಾಕಿಸಿ. ಸ್ಪಾಟ್ ವೆಲ್ಡಿಂಗ್ ಆಗಲೇಬೇಕು. ಸೆಲ್ ಮೇಲೆ ನೇರ ಬೆಸುಗೆ ಹಾಕಿದರೆ ಆ ಕಾವು ಒಳಗಿನ ಸೀಲ್ ಮತ್ತು ಪೊರೆಯನ್ನು ಕೆಡಿಸುತ್ತದೆ. ಕೊಟ್ಟ ಅಡಾಪ್ಟರ್ 21 ವೋಲ್ಟ್‌ನದೇ ಎಂದು ಖಾತ್ರಿ ಮಾಡಿಕೊಳ್ಳಿ. ತಿಂಗಳಿಗೊಮ್ಮೆ ಚಾರ್ಜ್ ಆದ ಮೇಲೆ ಐದೂ ಸೆಲ್‌ಗಳ ವೋಲ್ಟೇಜ್ ಬೇರೆ ಬೇರೆ ನೋಡಿ, 0.1 ವೋಲ್ಟ್ ಹೆಚ್ಚು ಕಡಿಮೆ ಇದ್ದರೆ ಒಂದು ಸೆಲ್ ಸೋಲುತ್ತಿದೆ ಎಂದರ್ಥ.

ಪ್ರಶ್ನೆ: ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಮೇಲ್ತುದಿಯಲ್ಲಿ ಸ್ವಲ್ಪ ಹರಿದಿದೆ. ಟೇಪ್ ಸುತ್ತಿದರೆ ಸಾಕೇ? (ಮಂಗಳೂರು)

ಸಾಲದು. ಸೆಲ್ಲಿನ ಡಬ್ಬಿ ಪೂರ್ತಿ ಮೈನಸ್. ಪ್ಲಸ್ ಗುಂಡಿಯ ಸುತ್ತಲಿನ ಅಂಚೂ ಮೈನಸ್ಸೇ, ನಡುವೆ ಒಂದೆರಡು ಮಿಲಿಮೀಟರ್ ಅಂತರ ಅಷ್ಟೇ. ಹರಿದ ಜಾಗ ಟಾರ್ಚ್‌ನ ಲೋಹದ ಕೊಳವೆಗೆ ಅಥವಾ ಪ್ಲಸ್ ಸಂಪರ್ಕಕ್ಕೆ ತಾಗಿದರೆ ನೇರ ಶಾರ್ಟ್. ಚಪ್ಪಟೆ ಅಗಲ 29.5 ಮಿಲಿಮೀಟರ್ ಇರುವ ಪಿವಿಸಿ ಹೀಟ್‌ಶ್ರಿಂಕ್ ತಂದು 72 ಮಿಲಿಮೀಟರ್ ಕತ್ತರಿಸಿ. ಹಳೆಯದನ್ನು ಬ್ಲೇಡ್ ತಾಗಿಸದೆ ಉಗುರಿನಿಂದ ಸುಲಿಯಿರಿ. ಪ್ಲಸ್ ತುದಿಯ ಬಿಳಿ ಉಂಗುರ ಹರಿದಿದ್ದರೆ ಹೊಸದಿಡಿ, ಇದನ್ನು ಮರೆತವರೇ ಹೆಚ್ಚು. ಹೊಸ ತೋಳು ಹಾಕಿ ಹೇರ್ ಡ್ರೈಯರ್‌ನಲ್ಲಿ ಕುಗ್ಗಿಸಿ. ಬೆಂಕಿಕಡ್ಡಿ, ಲೈಟರ್ ಬೇಡವೇ ಬೇಡ.

ಪ್ರಶ್ನೆ: ರಕ್ಷಣಾ ಬೋರ್ಡ್ ಇರುವ ಸೆಲ್ ಹಾಕಿದರೆ ನನ್ನ ಟಾರ್ಚ್ ಟರ್ಬೊದಲ್ಲಿ (ಅತಿ ಹೆಚ್ಚು ಬೆಳಕಿನ ಹಂತದಲ್ಲಿ) ಆರಿಹೋಗುತ್ತದೆ. ಬೋರ್ಡ್ ಇಲ್ಲದ್ದು ಹಾಕಿದರೆ ಹೊತ್ತುವುದೇ ಇಲ್ಲ. (ಬೆಂಗಳೂರು)

ಎರಡೂ ಸಹಜ. ಬೋರ್ಡ್‌ನ ಮಿತಿ ಹಲವು ಸೆಲ್‌ಗಳಲ್ಲಿ 5–10 ಆಂಪ್, ಟರ್ಬೊ ಅದನ್ನು ದಾಟಿದಾಗ ಕಡಿಯುತ್ತದೆ. ಬೋರ್ಡ್ ಸೇರಿ ಆ ಸೆಲ್ 68–70 ಮಿಲಿಮೀಟರ್ ಉದ್ದ ಇರುತ್ತದೆ, ಬರಿ ಸೆಲ್ 65. ಆ ಮೂರ್ನಾಲ್ಕು ಮಿಲಿಮೀಟರ್ ಸಾಲದೆ ಸಂಪರ್ಕ ಸಿಗುತ್ತಿಲ್ಲ. ನಡುವೆ ನಾಣ್ಯ, ಫಾಯಿಲ್ ತುರುಕಬೇಡಿ. ಗುಂಡಿ ಎದ್ದಿರುವ, 15 ಆಂಪ್ ಬೋರ್ಡ್‌ನ ಸೆಲ್ ಕೇಳಿ ತನ್ನಿ. ಕೊಳ್ಳುವಾಗ ಐಎಸ್ 16046 (ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನಕ) ಜೊತೆಗೆ ಆರ್ ಅಕ್ಷರದ ನೋಂದಣಿ ಸಂಖ್ಯೆ ಇದೆಯೇ ನೋಡಿ, ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ.

ಪ್ರಶ್ನೆ: ರಜೆಗೆ ಊರಿಗೆ ಬರುವಾಗ ಒಳ್ಳೆಯ ಸೆಲ್ ನಾಲ್ಕು, ಜೊತೆಗೆ ನನ್ನ ವೇಪ್ ತರಬಹುದೇ? (ದುಬೈ)

ವೇಪ್ ತರಬೇಡಿ, ಅದರ ಆಮದು ನಿಷೇಧವಾಗಿದೆ. ಬಿಡಿ ಸೆಲ್‌ಗಳು ಚೆಕ್-ಇನ್ ಬ್ಯಾಗ್‌ನಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲೇ ಇರಬೇಕು, ಒಂದೊಂದರ ತುದಿಯೂ ಮುಚ್ಚಿರಬೇಕು. ಎರಡು ಸೆಲ್ ಹಿಡಿಸುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಅದನ್ನೇ ಬಳಸಿ. 3000 ಎಂಎಎಚ್ ಸೆಲ್ ಸುಮಾರು 11 ವ್ಯಾಟ್-ಅವರ್, 100ರ ಮಿತಿಗೆ ಬಹಳ ಕೆಳಗೆ. ಎಷ್ಟು ಸೆಲ್ ಒಯ್ಯಬಹುದು ಎಂಬುದನ್ನು ವಿಮಾನ ಕಂಪನಿಯಲ್ಲಿ ಕೇಳಿಕೊಳ್ಳಿ. ಹೊರಡುವ ಮೊದಲು 3.6–3.7 ವೋಲ್ಟ್‌ಗೆ ಇಳಿಸಿ ತನ್ನಿ. ಊರಿನಲ್ಲಿ ತಿಂಗಳುಗಟ್ಟಲೆ ಇಡುವುದಾದರೂ ಅದೇ ಮಟ್ಟ ಒಳ್ಳೆಯದು. ಮರೆತು 2 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಎಬ್ಬಿಸಲು ಹೋಗಬೇಡಿ. ಒಳಗಿನ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗುತ್ತದೆ. ಅಂಥದರ ಎರಡೂ ತುದಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.